ಬಹುವಚನ

ಹುಡುಗ ಇನ್ನೂ ಬಂದಿರಲಿಲ್ಲ.

ಪರದೆಯ ಮೇಲೆ ಆಗಲೇ ಮೂರು ಹೆಣ ಬಿದ್ದಿದ್ದವು. ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳಲು ಮನೆಮನೆಗೆ ಹೋಗುವ ಹೆಂಗಸು ಹಾಲಿನಲ್ಲಿ ಮಾತ್ರೆ ಅರೆದು ಕುಡಿಸುತ್ತಿದ್ದಳು, ದಿಂಬು ಸರಿಮಾಡುತ್ತಿದ್ದಳು, ಬೆಳಗಾದ ಮೇಲೆ ಮನೆಯವರಿಗಿಂತ ಮೊದಲು ತಾನೇ ಅಳುತ್ತಿದ್ದಳು. ನಿಜವಾಗಿ ನಡೆದ ಕಥೆ ಎಂದು ಶುರುವಿನಲ್ಲೇ ಬರೆದು ತೋರಿಸಿದ್ದರು. ಜನ ಉಸಿರು ಬಿಗಿಹಿಡಿದು ಅವಳ ಕೈಗಳನ್ನೇ ನೋಡುತ್ತಿದ್ದರೆ ಇವನು ಮಾತ್ರ ಪರದೆಯ ಮೇಲಿನ ಬಾಗಿಲುಗಳನ್ನು ನೋಡುತ್ತಿದ್ದ. ಒಂದೊಂದು ಬಾಗಿಲು ತೆರೆದಾಗಲೂ ಚಡ್ಡಿ ಹಾಕಿದ ಹುಡುಗನೊಬ್ಬ ಒಳಗೆ ಬಂದುಬಿಟ್ಟಾನೆಂದು ಅವನಿಗೆ ಭಯ.

ಬಂದರೆ ಆ ಹುಡುಗ ಇವನೇ. ಐದು ವರ್ಷಕ್ಕೆ ತಬ್ಬಲಿಯಾದವನನ್ನು ಸಾಕಿ, ಹಾಸ್ಟೆಲಿಗೆ ಸೇರಿಸಿ ಓದಿಸಿದ್ದು ಆ ಹೆಂಗಸೇ. ತಾಯಿಯ ಅಕ್ಕ, ಇವನ ದೊಡ್ಡಮ್ಮ. ಪೊಲೀಸರು ಅವರನ್ನು ಹಿಡಿದ ದಿನ ಇವನು ದೂರದ ಊರಿನಲ್ಲಿ ಸಂಧಿ ಸಮಾಸ ಉರುಹೊಡೆಯುತ್ತಿದ್ದ. ಪತ್ರಿಕೆಯಲ್ಲಿ ಫೋಟೊ ನೋಡಿ ತುಟಿ ಪಿಟಕ್ಕೆನ್ನಲಿಲ್ಲ. ಈಗ ಕಾಲೇಜಿನಲ್ಲಿ ವ್ಯಾಕರಣ ಹೇಳುವ ಮೇಷ್ಟ್ರು; ಈಗಲೂ ಪಿಟಕ್ಕೆಂದಿಲ್ಲ.

ಮದುವೆಗೆ ಮುಂಚೆ ಹೆಂಡತಿ ಕೇಳಿದಾಗ, ಸಾಕಿದ ದೊಡ್ಡಮ್ಮ ಒಬ್ಬರಿದ್ದರು, ಹೋಗಿಬಿಟ್ಟರು ಎಂದಿದ್ದ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ವ್ಯಾಕರಣದ ಪ್ರಕಾರ ನೋಡಿದರೆ ಅದು ಸುಳ್ಳೂ ಅಲ್ಲ.

ಸಿನಿಮಾಕ್ಕೆ ಎಳೆದುಕೊಂಡು ಬಂದದ್ದು ಅವಳ ತಮ್ಮ. ಔಷಧಿ ಅಂಗಡಿ ಇಟ್ಟವನು, ಬಾಯಿಗೆ ಬೀಗವಿಲ್ಲದವನು. ತಲೆನೋವು ಎಂದರೆ ಜೇಬಿನಿಂದ ಮಾತ್ರೆಯನ್ನೇ ತೆಗೆದುಕೊಟ್ಟ. ಇನ್ನೇನು ನೆಪ ಹೇಳುವುದು?

ಮಧ್ಯಂತರದಲ್ಲಿ ಮೂವರೂ ಕಾಫಿ ಹಿಡಿದು ನಿಂತರು. ಭಾವಮೈದ ತನ್ನ ಅಂಗಡಿಯ ಪಾಂಡಿತ್ಯವನ್ನೆಲ್ಲ ಬಿಚ್ಚಿದ್ದ. ಆ ಮಾತ್ರೆ ಕಹಿ ಅಂದರೆ ಕಹಿಯಂತೆ, ಹಾಲಿಗೆ ಎಷ್ಟು ಸಕ್ಕರೆ ಸುರಿದರೂ ಮುಚ್ಚುವುದಿಲ್ಲವಂತೆ, ಸಿನಿಮಾದವರಿಗೆ ಅಷ್ಟೂ ಗೊತ್ತಿಲ್ಲವಂತೆ.

“ಅವರು ಸಕ್ಕರೆ ಹಾಕ್ತಿರ್ಲಿಲ್ಲ,” ಎಂದ ಮೇಷ್ಟ್ರು. “ಜೇನುತುಪ್ಪ ಹಾಕ್ತಿದ್ರು.”

ಅವನಿಗೆ ಗೊತ್ತಿದ್ದದ್ದು ಚಿಕ್ಕಂದಿನಲ್ಲಿ ದೊಡ್ಡಮ್ಮ ಕುಡಿಸುತ್ತಿದ್ದ ತನ್ನ ಲೋಟದ ಹಾಲು ಮಾತ್ರ. ಅದನ್ನು ಇಲ್ಲಿ ಹೇಳುವ ದರ್ದು ಏನಿತ್ತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಮಹಾಶಯ ಯಾರೂ ಕಳ್ಳ ಎನ್ನುವ ಮೊದಲೇ ಮುಟ್ಟಿಕೊಂಡಿದ್ದ.

ಹೆಂಡತಿಯ ಕೈಯ ಕಾಫಿ ಕಪ್ ಅರ್ಧದಲ್ಲೇ ನಿಂತಿತು. “ಅವರು ಅಂದ್ರೆ ಯಾರು?”

ಕಾಪಾಡಿದವನು ಭಾವಮೈದ.

“ಬಿಡಕ್ಕ, ಭಾವ ವ್ಯಾಕರಣದ ಮೇಷ್ಟ್ರು. ಕೊಲೆಗಾರ್ತಿಗೂ ಬಹುವಚನ. ಮನೆಗೆ ಹಾವು ನುಗ್ಗಿದ್ರೂ ದಯಮಾಡಿಸಿ ಅಂತಾರೆ.”

ಹೆಂಡತಿ ನಕ್ಕಳು. ಅವನೂ ನಗಬೇಕಾಯಿತು. ನಕ್ಕರೆ ಸಾಲದು, ತಿದ್ದಲೂ ಬೇಕು.

“ಅವಳು,” ಎಂದ. “ಅವಳು ಜೇನುತುಪ್ಪ ಹಾಕ್ತಿದ್ಲು. ಆಗ ಪೇಪರಲ್ಲಿ ಬಂದಿತ್ತು.”

ದೊಡ್ಡಮ್ಮನನ್ನು ಅವಳು ಎಂದದ್ದು ಜನ್ಮದಲ್ಲಿ ಅದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ. ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು.

ಮಧ್ಯಂತರದ ನಂತರ ಅವಳು ಸಿಕ್ಕಿಬಿದ್ದಳು. ಠಾಣೆಯ ಕೋಣೆಯಲ್ಲಿ ಇನ್‌ಸ್ಪೆಕ್ಟರು ಮೇಜು ಗುದ್ದಿ ಕೇಳಿದ, ನಿನ್ನವರು ಅಂತ ಯಾರಿದ್ದಾರೆ, ಹೆಸರು ಹೇಳು. ಮೇಷ್ಟ್ರ ಕೈ ಕುರ್ಚಿಯ ತೋಳನ್ನು ಹಿಡಿಯಿತು. ಕೆನ್ನೆ ಊದಿದ ನಾಯಕಿ ತಲೆ ಎತ್ತಿದಳು.

“ನಂಗೆ ಹಿಂದೆ ಮುಂದೆ ಯಾರೂ ಇಲ್ಲ.”

ಇನ್ನೊಂದು ಪೆಟ್ಟು ಬಿತ್ತು. ಅವಳು ಅದನ್ನೇ ಹೇಳಿದಳು. ಅವನಿಗೆ ಆಗ ಹೊಳೆಯಿತು. ಹುಡುಗನನ್ನು ಕಥೆಯಿಂದ ಕೈಬಿಟ್ಟವರು ಸಿನಿಮಾದವರಲ್ಲ. ಅಂದು ಠಾಣೆಯಲ್ಲಿ ಅವರೇ ಬಿಟ್ಟಿದ್ದರು. ಅವಳೇ, ಎಂದು ಮನಸ್ಸಿನಲ್ಲೇ ತಿದ್ದಿಕೊಂಡ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಅವನ ಮೈ ಸಡಿಲವಾಯಿತು. ಹೆಂಡತಿಯ ಮಡಿಲಿನ ಪೊಟ್ಟಣಕ್ಕೆ ಕೈಹಾಕಿ ಪಾಪ್‌ಕಾರ್ನ್ ತಿಂದ. ಎಷ್ಟು ರುಚಿ! ಇನ್ನೊಂದು ಮುಷ್ಟಿ ತೆಗೆದುಕೊಂಡ. ಇನ್ನು ಯಾವ ಬಾಗಿಲು ತೆರೆದರೂ ಅವನಿಗೇನು?

ಮಕ್ಕಳಿಲ್ಲದ ಒಂಟಿತನವೇ ಅವಳನ್ನು ಹಾಗೆ ಮಾಡಿತು ಎಂದು ಸಿನಿಮಾ ತೀರ್ಪು ಕೊಟ್ಟಿತು. ಕೊನೆಗೆ ಕಪ್ಪು ಪರದೆಯ ಮೇಲೆ ಅಕ್ಷರ ಮೂಡಿತು: ಆಕೆ ಇಂದಿಗೂ ಜೈಲಿನಲ್ಲಿದ್ದಾರೆ, ನೋಡಲು ಇದುವರೆಗೆ ಯಾರೂ ಬಂದಿಲ್ಲ. ಅಲ್ಲಿ ಬಹುವಚನವಿತ್ತು. ಹೆಂಡತಿ ಮೂಗು ಒರೆಸಿಕೊಂಡಳು.

“ಪಾಪ ರೀ. ಒಂದು ಮಗೂನಾದ್ರೂ ಸಾಕಿದ್ದಿದ್ರೆ ಹೀಗಾಗ್ತಿರ್ಲಿಲ್ಲ.”

“ಹೌದು,” ಎಂದ. ಆ ಹೌದು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

ಹೊರಗೆ ಬಂದರೆ ಒಂದು ಮೂಲೆಯಲ್ಲಿ ಜನ ಸಾಲುಗಟ್ಟಿದ್ದರು. ನಾಯಕಿಯ ಆಳೆತ್ತರದ ರಟ್ಟಿನ ಕಟೌಟು ಬಾಗಿ ಹಾಲಿನ ಲೋಟ ಚಾಚಿತ್ತು. ಅದರ ಮುಂದೊಂದು ಕುರ್ಚಿ. ಕೂತವರು ಕಣ್ಣು ಅಗಲಿಸಿ, ಕತ್ತು ಹಿಂದಕ್ಕೆ ಎಳೆದು, ಹೆದರಿದಂತೆ ನಟಿಸಿ ಫೋಟೊ ತೆಗೆಸಿಕೊಂಡು ನಗುತ್ತಾ ಏಳುತ್ತಿದ್ದರು. ಇಂಥ ಹುಡುಗಾಟ ಅವನಿಗೆ ಆಗದು. ಆದರೆ ಇವತ್ತು ಹೋದ ಜೀವ ಬಂದ ಸಂತೋಷ. ಭಾವಮೈದ ತೋಳು ಹಿಡಿದು ಎಳೆದಾಗ ಇಲ್ಲವೆನ್ನಲಿಲ್ಲ. ಸರದಿ ಬಂದಾಗ ಹೋಗಿ ಕೂತ.

ಹೆಂಡತಿ ಫೋನು ಎತ್ತಿ ಹಿಡಿದಳು. ಹೆದರಿದ ಹಾಗೆ ಮುಖ ಮಾಡಿ ಭಾವ, ಎಂದು ಆ ಕಡೆಯಿಂದ ಕೂಗು ಬಂತು.

ಅವನು ಮಾಡಲು ನೋಡಿದ. ಕಣ್ಣು ಅಗಲಿಸಿದ, ಹುಬ್ಬು ಏರಿಸಿದ. ಹೆದರಿಕೆ ಬರಲಿಲ್ಲ. ಕತ್ತು ಹಿಂದಕ್ಕೆ ಹೋಗುವ ಬದಲು ತಾನಾಗಿ ಮುಂದಕ್ಕೆ ಬಾಗಿತು, ಬಾಯಿ ತೆರೆಯಿತು.

“ಸಾಕು ರೀ, ಆಯ್ತು, ಏಳಿ,” ಎಂದಳು ಹೆಂಡತಿ.

ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಅವನು ರಟ್ಟಿನ ಲೋಟದ ಅಂಚಿಗೆ ತುಟಿ ಒಡ್ಡಿಕೊಂಡು ಕೂತೇ ಇದ್ದ.