ಏಳರಿಂದ ಒಂಬತ್ತರ ತನಕ

ಬಂಡೆಮ್ಮನಿಗೆ ಈ ಸಭೆಗಳು ಸಾಕೋಸಾಕಾಗಿದ್ದವು. ಒಂದೂವರೆ ತಿಂಗಳಲ್ಲಿ ಇದು ನಾಲ್ಕನೆಯದು, ನಾಲ್ಕೂ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೇ. ದುಡಿಯುವ ತಾಯಂದಿರಿಗೆ ಅನುಕೂಲವಾಗಲೆಂದು ಶಾಲೆಯ ಸಮಯ ಹೆಚ್ಚಿಸುವ ಸಭೆಯನ್ನು ದುಡಿಯುವ ತಾಯಂದಿರು ಬರಲಾಗದ ಹೊತ್ತಿಗೇ ಕರೆಯುವ ಬುದ್ಧಿ ಯಾರಿಗೆ ಹೊಳೆಯಿತೋ, ಅವರಿಗೊಂದು ದೊಡ್ಡ ನಮಸ್ಕಾರ. ಕೂಕಟ್‌ಪಲ್ಲಿಯ ಆ ತೆಲುಗು ಸರ್ಕಾರಿ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ತಂದೆತಾಯಿಗಳ ಪೈಕಿ ಕೂಲಿ ಬಿಟ್ಟು ಬಂದು ಕೂತವಳು ಬಂಡೆಮ್ಮ ಒಬ್ಬಳೇ, ಉಳಿದವರೆಲ್ಲ ಮಾಸ್ತರರು ಮತ್ತು ಶಾಲೆಗೆ ನೆರವಾಗಲು ಬಂದ ಕಂಪನಿಯವರು.

ಅವಳಿಗೆ ಬೇಕಿದ್ದುದು ಒಂದೇ. ಕೂಲಿಯವರು ಸೇರುವ ಅಡ್ಡಾದಲ್ಲಿ ಏಳಕ್ಕೆಲ್ಲ ಹೋಗಿ ನಿಲ್ಲಬೇಕು. ಎಂಟಾದ ಮೇಲೆ ಮೇಸ್ತ್ರಿಗಳು ತಿರುಗಿಯೂ ನೋಡುವುದಿಲ್ಲ. ಶಾಲೆಯ ಗೇಟು ತೆರೆಯುವುದು ಒಂಬತ್ತಕ್ಕೆ. ನಡುವಿನ ಎರಡು ಗಂಟೆ ಮೂರನೇ ಕ್ಲಾಸಿನ ಮಗಳು ಗಂಗಾ ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಚೀಲ ತಬ್ಬಿಕೊಂಡು ಕೂತಿರುತ್ತಾಳೆ. ಗಂಡ ಗಚ್ಚಿಬೌಲಿಯ ಸೈಟಿನಲ್ಲೇ ಇರುವವನು, ಮನೆಗೆ ಬರುವುದು ಭಾನುವಾರ ಮಾತ್ರ. ಹೋದ ವಾರ ಯಾವನೋ ಒಬ್ಬ ಹುಡುಗಿಯ ಪಕ್ಕದಲ್ಲಿ ಕೂತು, ಬಿಸ್ಕತ್ತು ಕೊಟ್ಟು, ನಿಮ್ಮ ಮನೆ ಎಲ್ಲಿ ಎಂದು ಕೇಳಿದ್ದನಂತೆ. ಗಂಗಾ ಅದನ್ನು ನಗುನಗುತ್ತ ಹೇಳಿದ್ದಳು. ಅವತ್ತಿನಿಂದ ಇಟ್ಟಿಗೆ ಹೊರುವಾಗಲೂ ಅವಳ ಜೀವ ಆ ಮೆಟ್ಟಿಲ ಮೇಲೇ ಇರುತ್ತಿತ್ತು.

ಸಭೆಗೆ ಮಾತ್ರ ಸಂಜೆಯದೇ ಧ್ಯಾನ. ಹೆಡ್‌ಮಾಸ್ತರ ಕಾಶಿನಾಥ ಬೀದರ್ ಕಡೆಯವರು, ಒಳ್ಳೆಯವರೇ. ಆದರೆ ಫೈಲು ಕೈಗೆ ಬಂದರೆ ಮನುಷ್ಯರು ಕಣ್ಣಿಗೆ ಬೀಳುತ್ತಿರಲಿಲ್ಲ. ಸಂಜೆ ಪುಕ್ಕಟೆ ಪಾಠ ಹೇಳಲು ತನ್ನ ಕಂಪನಿಯವರನ್ನು ಕರೆತರುವ ಉತ್ಸಾಹದಲ್ಲಿದ್ದವಳು, ಆ ನೆರವಿನವರ ಮುಂದಾಳು, ಮೈಸೂರಿನ ಭವಾನಿ. ಶಾಲೆ ಐದರವರೆಗೋ, ಐದೂವರೆಯವರೆಗೋ, ಆರರವರೆಗೋ ಎಂದು ವಾಟ್ಸಾಪಿನಲ್ಲಿ ಮತ ಹಾಕಿಸಿದ್ದಳು. ಬೆಳಗಿನ ಮಾತು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಬಂಡೆಮ್ಮನದು ಬಟನ್ ಫೋನು, ಅವಳಿಗೆ ಪಟ್ಟಿಯೂ ಬಂದಿರಲಿಲ್ಲ. ಆರು ಗಂಟೆ ಗೆದ್ದಿತು. ಆಮೇಲೆ ಮಕ್ಕಳಿಗೆ ಸಂಜೆ ಚಿಕ್ಕಿ ಕೊಡುವುದೋ ಗುಗ್ಗರಿ ಕೊಡುವುದೋ ಎಂಬುದರ ಮೇಲೆ ಮುಕ್ಕಾಲು ಗಂಟೆ ನಡೆಯಿತು. ಚಿಕ್ಕಿಯಿಂದ ಹಲ್ಲು ಹಾಳು, ಗುಗ್ಗರಿಯಿಂದ ಹೊಟ್ಟೆ ಹಾಳು ಎಂದು ಎರಡು ಪಕ್ಷವಾಯಿತು. ಬಂಡೆಮ್ಮ ಎರಡು ಸಲ ಎದ್ದು ನಿಂತಳು. ಮೊದಲ ಸಲ ಒಂದು ನಿಮಿಷ ಎಂದರು. ಎರಡನೇ ಸಲ ಭವಾನಿ ಬಹಳ ಮೆತ್ತಗೆ, ಬೆಳಗಿನ ವಿಷಯ ಬೇರೆ, ಅದನ್ನು ಮುಂದಿನ ಹಂತದಲ್ಲಿ ನೋಡೋಣ ಎಂದಳು. ಆ ಮೆತ್ತಗಿನ ದನಿಗೇ ಬಂಡೆಮ್ಮನ ಮೈಯೆಲ್ಲ ಉರಿದುಹೋಯಿತು.

ಮೂರನೇ ಸಲ ಅವಳು ಯಾರ ಅಪ್ಪಣೆಗೂ ಕಾಯದೆ, ಬಿಸ್ಕತ್ತಿನವನ ಕಥೆಯನ್ನು ಪೂರ್ತಿ ಹೇಳಿದಳು. ಕಾಶಿನಾಥರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ಬೇಗ ಬಂದು ಗೇಟು ತೆಗೆಯುವವರು ಯಾರು ಎಂದು ಕೇಳಿದರು.

ಚಹಾ ಕೊಡುತ್ತಿದ್ದ ಕಸಗುಡಿಸುವ ಗುಣವತಿ, ತಾನು ದಿನಾ ಆರೂಮುಕ್ಕಾಲಕ್ಕೇ ಬಂದು ಒಳಗಿಂದ ಚಿಲಕ ಹಾಕಿಕೊಂಡು ಕಸ ಹೊಡೆಯುವುದಾಗಿ ಹೇಳಿದಳು. ಮಕ್ಕಳು ವರಾಂಡದಲ್ಲಿ ಕೂತರೆ ತನಗೇನೂ ಭಾರವಲ್ಲ ಎಂದೂ ಸೇರಿಸಿದಳು. ನಾಲ್ಕು ಸಭೆಗೂ ಅವಳೇ ಚಹಾ ಕೊಟ್ಟಿದ್ದಳು. ಅವಳನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

"ಅದು ಅಷ್ಟು ಸುಲಭ ಇಲ್ಲಮ್ಮಾ," ಎಂದರು ಕಾಶಿನಾಥ. "ಗೇಟಿನ ಒಳಗ ಹುಡುಗರಿಗೆ ಏನರ ಆದ್ರ ಜವಾಬ್ದಾರಿ ನಮ್ಮ ಮ್ಯಾಲ ಬರ್ತೈತಿ."

"ಗೇಟಿನ ಹೊರಗ ಆದ್ರ ಯಾರ ಮ್ಯಾಲ ಬರ್ತೈತ್ರಿ ಸರ್?"

ಭವಾನಿ ತಲೆ ತಗ್ಗಿಸಿದಳು. ತನ್ನ ಮಗಳ ಶಾಲೆಯ ಬಸ್ಸು ಬರುವ ತನಕ ತಾನು ದಿನಾ ಅಪಾರ್ಟ್‌ಮೆಂಟಿನ ಬಾಗಿಲಲ್ಲೇ ನಿಂತಿರುತ್ತೇನೆ, ಐದು ನಿಮಿಷಕ್ಕೂ ಬಿಟ್ಟು ಕದಲುವುದಿಲ್ಲ ಎಂದು ಪಕ್ಕದವರಿಗೆ ಸಣ್ಣಗೆ ಹೇಳಿದಳು. ಆದರೂ ಕಾಶಿನಾಥರು ಈ ವಿಷಯ ಮುಂದಿನ ಸಭೆಗೆ ಎಂದು ಸಂಜೆಯ ಠರಾವನ್ನಷ್ಟೇ ಬರೆದು ಮುಗಿಸಿ, ಪುಸ್ತಕವನ್ನು ಬಂಡೆಮ್ಮನ ಮುಂದಿಟ್ಟರು. ಮಕ್ಕಳ ತಂದೆತಾಯಿಗಳಲ್ಲಿ ಒಬ್ಬರ ಸಹಿಯಾದರೂ ಇಲ್ಲದೆ ಠರಾವು ಮೇಲಿನವರ ಬಳಿ ನಿಲ್ಲುತ್ತಿರಲಿಲ್ಲ. ಇದ್ದವಳು ಇವಳೊಬ್ಬಳೇ.

ಬಂಡೆಮ್ಮ ಪೆನ್ನು ಮುಟ್ಟಲಿಲ್ಲ. "ಮೊದಲ ಏಳರದು ಬರೀರಿ. ಆಮ್ಯಾಲ ನಿಮ್ಮ ಆರರದು."

ಕಾಶಿನಾಥರು ಗೊಣಗಿದರು, ನಿಯಮ ಹೇಳಿದರು, ಗಡಿಯಾರ ನೋಡಿದರು. ಅವಳು ಕಲ್ಲಿನಂತೆ ಕೂತಿದ್ದಳು. ಕೊನೆಗೆ ಭವಾನಿಯೇ ಬರೆಯಿರಿ ಸರ್ ಎಂದಳು, ಅವರು ತೆಲುಗಿನಲ್ಲಿ ಎರಡು ಸಾಲು ಬರೆದರು. ಬಂಡೆಮ್ಮನಿಗೆ ತೆಲುಗು ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಇಷ್ಟು ದಿನ ಇವರ ಬಾಯಿ ನಂಬಿದ್ದು ಸಾಕೆನಿಸಿ, ಮೂರನೇ ಕ್ಲಾಸಿನಿಂದ ಮಗಳನ್ನು ಕರೆಸಿದಳು.

ಗಂಗಾ ಅಷ್ಟು ಜನರನ್ನು ಕಂಡು ನಾಚಿಕೊಂಡೇ ಬಂದಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿ, ಅವ್ವನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಗೇಟು ಬೆಳಿಗ್ಗೆ ಏಳಕ್ಕೆ ತೆಗೆಯುತ್ತಾರಂತೆ. ಗುಣವತಿಯಕ್ಕ ಇರುತ್ತಾಳಂತೆ. ಮುಂದಿನ ತಿಂಗಳು ಒಂದನೇ ತಾರೀಖಿನಿಂದ.

ತಿಂಗಳು ಮುಗಿಯಲು ಇನ್ನೂ ಹತ್ತೊಂಬತ್ತು ದಿನವಿತ್ತು. ಬಂಡೆಮ್ಮ ಕೈಗೆತ್ತಿಕೊಂಡಿದ್ದ ಪೆನ್ನನ್ನು ಹಾಗೇ ಕಾಶಿನಾಥರ ಕಡೆ ಚಾಚಿದಳು.

"ನಾಳೆ ಅಂತ ಬರೀರಿ ಸರ್. ಆ ಬಿಸ್ಕತ್ತಿನಂವ ಒಂದನೇ ತಾರೀಖಿನ ತನಕ ಕಾಯಂಗಿಲ್ಲ."

ಕಾಶಿನಾಥರು ಗಂಗಾಳ ಮುಖ ನೋಡಿದರು. ಆಮೇಲೆ ಒಂದನೇ ತಾರೀಖನ್ನು ಹೊಡೆದು ಹಾಕಿ, ನಾಳೆಯಿಂದ ಎಂದು ಬರೆದರು. ಬಂಡೆಮ್ಮ ಅದನ್ನೂ ಮಗಳ ಕೈಲಿ ಓದಿಸಿಯೇ ಸಹಿ ಹಾಕಿದಳು.