ಲಿಫ್ಟಿನ ಕಂಬ ನಿಲ್ಲಿಸುವ ಮುಂಚೆ

ಗಾದ್ರಪ್ಪ ಕಾರಿನ ಕೆಳಗೆ ತೂರಿದನೆಂದರೆ ಚೌಡಕ್ಕನಿಗೆ ಒಲೆಯ ಮುಂದೆ ನಿಲ್ಲಲಾಗುತ್ತಿರಲಿಲ್ಲ. ಗಳಿಗೆಗೊಮ್ಮೆ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತು ಏನಾದರೊಂದು ಕೇಳುವಳು.

“ಏನ್ರೀ, ಸಾರಿಗೆ ಹುಣಸೆಹಣ್ಣು ಹಾಕ್ಲಾ?”

“ಹಾಕು.”

“ಏನ್ರೀ, ಸೌತೆಕಾಯಿ ಹೆಚ್ಲಾ?”

“ಇದನ್ನ ಕೇಳಾಕೆ ಇಲ್ಲಿಗಂಟ ಬಂದ್ಯಾ? ನಿನ್ನ ಸೌತೆಕಾಯಿ, ನೀನೇ ಹೆಚ್ಕೊ.”

ಬೈದರೂ ಸರಿ, ಗಂಡನ ದನಿ ಕೇಳಿದರೆ ಸಾಕಿತ್ತು ಅವಳಿಗೆ.

ಎಂಬತ್ತಾರರ ಸುಮಾರಿಗೆ ಜಗಳೂರಿನಲ್ಲಿ ಬಾಡಿಗೆ ಕಾರುಗಳಿದ್ದದ್ದೇ ಐದಾರು. ಗಾದ್ರಪ್ಪನದು ಹಳೆಯ ಅಂಬಾಸಿಡರ್. ತನ್ನ ಕಾರನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿದ್ದ. ಉಳಿದವರ ಕಾರುಗಳೂ ಅವನ ಮನೆಗೇ ಬರುತ್ತಿದ್ದವು. ಮನೆಗೆ ಅಂಟಿಕೊಂಡಿದ್ದ ದನದ ಕೊಟ್ಟಿಗೆಗೆ ತಗಡು ಹೊದಿಸಿ ಶೆಡ್ಡು ಮಾಡಿಕೊಂಡಿದ್ದ. ಕಾರು ಎತ್ತಲು ಒಂದು ಜಾಕು. ಎತ್ತಿದ ಮೇಲೆ ಆಸರೆಗೆ ಹೊಲದಿಂದ ತಂದ ಕಲ್ಲು, ಅದರ ಮೇಲೊಂದು ಜಾಲಿ ದಿಮ್ಮಿ. ಅಷ್ಟನ್ನು ನಂಬಿ ಗೋಣಿಚೀಲ ಹಾಸಿಕೊಂಡು, ಸಾವಿರ ಕೆಜಿಗೂ ಮಿಕ್ಕಿದ ಕಬ್ಬಿಣದ ಕೆಳಗೆ ಅಂಗಾತ ಮಲಗುತ್ತಿದ್ದ.

ಯುಗಾದಿ ಕಳೆದ ಮೇಲೆ ಒಂದು ದಿನ ಬೀಡಿ ಹಚ್ಚಲು ಹೊರಗೆ ಬಂದ. ಕಡ್ಡಿ ಗೀರುವಷ್ಟರಲ್ಲಿ ಒಳಗೆ ಕಲ್ಲು ಬಿರಿದು, ದಿಮ್ಮಿ ಜಾರಿ, ಕಾರು ನೆಲಕ್ಕೆ ಕೂತಿತು. ಗೋಣಿಚೀಲ ಅದರ ಅಡಿಯಲ್ಲಿತ್ತು.

“ಬೀಡಿ ಬಿಡು ಬಿಡು ಅಂತಿದ್ದೆಲ್ಲ. ಬೀಡೀನೇ ಉಳಿಸ್ತು ನೋಡು,” ಅಂದು ನಕ್ಕ.

ಚೌಡಕ್ಕ ನಗಲಿಲ್ಲ. ಅವತ್ತು ಊಟವನ್ನೂ ಮಾಡಲಿಲ್ಲ. “ಇನ್ನೊಂದು ಸಲ ಕಲ್ಲಿನ ಮ್ಯಾಲೆ ಕಾರು ಇಟ್ಟು ಮಲಗಿದ್ರೆ ನಾನೂ ಪಕ್ಕದಾಗೆ ಬಂದು ಮಲಕ್ಕಂತೀನಿ. ಬಿದ್ರೆ ಇಬ್ರ ಮ್ಯಾಲೂ ಬೀಳ್ಲಿ,” ಅಂದಳು. ಅಂದಂತೆ ಮಾಡುವ ಹೆಂಗಸು ಅವಳೆಂದು ಗಾದ್ರಪ್ಪನಿಗೆ ಗೊತ್ತಿತ್ತು.

ಎರಡು ತಿಂಗಳಲ್ಲಿ ದಾವಣಗೆರೆಯಿಂದ ಲಾರಿಯ ಮೇಲೆ ಒಂದು ಲಿಫ್ಟು ಬಂತು. ಅಲ್ಲಿ ಯಾವುದೋ ಗ್ಯಾರೇಜು ಮುಚ್ಚಿದ್ದರಿಂದ ಸಿಕ್ಕಿದ್ದು. ಆಳಿಗಿಂತ ಎತ್ತರದ ಎರಡು ಕಬ್ಬಿಣದ ಕಂಬ, ಒಂದೊಂದಕ್ಕೂ ಎರಡೆರಡು ತೋಳು. ತೋಳುಗಳನ್ನು ಕಾರಿನ ಅಡಿಗೆ ಚಾಚಿ ಮೋಟರು ಹಾಕಿದರೆ ಕಂಬದೊಳಗಿನ ತಿರುಪು ತಿರುಗಿ ಕಾರು ಮೇಲೇಳುತ್ತದೆ. ಕೆಳಗೆ ನಿಂತುಕೊಂಡೇ ಕೆಲಸ ಮಾಡಬಹುದು. ನೋಡಲು ಓಣಿಯೇ ನೆರೆಯಿತು.

“ಏನೋ ಗಾದ್ರಪ್ಪ, ಕಾರಿಗೆ ತೊಟ್ಲು ತಂದ್ಯಾ?” ಅಂದ ಪಕ್ಕದ ಮನೆಯ ಪಾಲಣ್ಣ.

“ತೊಟ್ಲೇ. ಶುಕ್ರವಾರ ಶಾಸ್ತ್ರ ಐತೆ, ಬಾ.”

ಗಾದ್ರಪ್ಪನ ಯೋಜನೆ ಸರಳವಾಗಿತ್ತು. ಶೆಡ್ಡಿನ ನಡುವೆ ಎರಡು ಗುಣಿ, ನಾಲ್ಕು ಪುಟ್ಟಿ ಕಾಂಕ್ರೀಟು, ಮೇಲೆ ಕಂಬ. ಕರೆಂಟಿಗೆ ಗೋಡೆಯಾಚೆ ಇದ್ದ ಕಲ್ಲೇಶಪ್ಪನ ಹಿಟ್ಟಿನ ಗಿರಣಿಯಿಂದ ಒಂದು ವೈರು. ಶುಕ್ರವಾರ ಪೂಜೆ, ಶನಿವಾರ ಕೆಲಸ ಶುರು. ಚೌಡಕ್ಕನ ಮನಸ್ಸೂ ಹಗುರಾಗಿತ್ತು. ಪೂಜೆಗೆಂದು ಬುಧವಾರವೇ ಶೆಡ್ಡಿನ ನೆಲವನ್ನೆಲ್ಲ ಸಗಣಿಯಿಂದ ನುಣ್ಣಗೆ ಸಾರಿಸಿದಳು.

ಗುರುವಾರ ಬೆಳಿಗ್ಗೆ ತಿಪ್ಪೇಶಪ್ಪ ಬಂದ. ಗಾದ್ರಪ್ಪನ ಜೊತೆ ಶಾಲೆ ಓದಿದವನು. ದಾವಣಗೆರೆಯ ದೊಡ್ಡದೊಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಇಂಥ ಲಿಫ್ಟಿನ ಕೆಳಗೆ ಹತ್ತು ವರ್ಷ ದುಡಿದವನು. ಮಜ್ಜಿಗೆ ಕುಡಿದು ಲೋಟ ಇಟ್ಟವನೇ ತಲೆಯೆತ್ತಿ ತಗಡು ನೋಡಿದ.

“ಎಷ್ಟು ಎತ್ತರ ಐತೆ ಇದು?”

“ಒಂಬತ್ತಡಿ.”

“ಕಾರೇ ಐದಡಿಗಿಂತ ಎತ್ತರ ಐತೆ. ನೀನು ಕೆಳಗೆ ನಿಂತ್ಕಳಾಕೆ ಆರಡಿ ಬೇಕು. ಕೂಡಿಸು.”

ಗಾದ್ರಪ್ಪ ಮನಸ್ಸಿನಲ್ಲೇ ಕೂಡಿಸಿದ. “ಬಗ್ಗಿ ಮಾಡ್ತೀನಿ ಬಿಡು.”

“ಬಗ್ಗಿ ಮಾಡಾಕೆ ಇಷ್ಟು ಕಬ್ಬಿಣ ಯಾಕೆ ಹೊತ್ತು ತಂದಿ? ಹೋಗ್ಲಿ, ಎಷ್ಟು ಭಾರ ಎತ್ತತೈತೆ?”

“ಪಾಲಣ್ಣನ ಮೆಟಡಾರೂ ಎತ್ತತೈತೆ.”

ತಿಪ್ಪೇಶಪ್ಪ ಕಂಬದ ಮೇಲಿದ್ದ ಸಣ್ಣ ಬಿಲ್ಲೆಯ ಗ್ರೀಸು ಒರೆಸಿದ. “ಎರಡು ಟನ್ ಅಂತ ಬರ್ದೈತೆ. ಲೋಡಾಗಿರೋ ಮೆಟಡಾರ್ ಇದಕ್ಕಿಂತ ಜಾಸ್ತಿ ತೂಗತೈತೆ. ಅದರ ಆಸೆ ಬಿಡು. ಭಾರ ಹೊರೋ ತಿರುಪಿನ ನಟ್ಟು ಎಷ್ಟು ಸವೆದೈತೆ?”

“ಎಲ್ಲ ನೋಡೇ ತಂದೀನಿ.”

“ಬಿಚ್ಚಿ ನೋಡಿದ್ಯಾ ಅಂತ ಕೇಳ್ದೆ.”

ಗಾದ್ರಪ್ಪ ಬಿಚ್ಚಿ ನೋಡಿರಲಿಲ್ಲ. ಮುಖ ಬಿಗಿದುಕೊಂಡ. “ದಾವಣಗೆರೆ ನೀರು ಕುಡಿದ ಮ್ಯಾಲೆ ನಿನಗೆ ಪುಕ್ಕಲುತನ ಜಾಸ್ತಿ ಆಗೈತೆ.”

“ಆಗೈತೆ. ಹೈವೇದಾಗೆ ಲಾರಿ ಅಡೀಲಿಂದ ಒಬ್ಬನ್ನ ಎಳೆದು ತೆಗೆದೋನು ನಾನು. ಅವನ ಜಾಕು ಚಲೋನೇ ಇತ್ತು. ಜಾಕಿನ ಕೆಳಗಿನ ನೆಲ ಕುಸಿದಿತ್ತು.”

ಅವನು ಬದುಕಿದನೇ ಎಂದು ಯಾರೂ ಕೇಳಲಿಲ್ಲ. ಚೌಡಕ್ಕ ಸೆರಗು ಬಿಗಿಹಿಡಿದು, “ಅಣ್ಣಾ, ನಮ್ಮ ನೆಲಾನೂ ಒಂದು ಸಲ ನೋಡ್ರಿ,” ಅಂದಳು.

“ನೆಲಕ್ಕೇನಾಗೈತೆ?” ಅಂದ ಗಾದ್ರಪ್ಪ. “ಮೂವತ್ತು ವರ್ಷ ಎತ್ತು ತುಳಿದ ನೆಲ. ಕಲ್ಲಾಗೈತೆ.”

ತಿಪ್ಪೇಶಪ್ಪ ಹಾರೆ ತೆಗೆದುಕೊಂಡು ಮೂಲೆಯಿಂದ ಕುಟ್ಟುತ್ತ ಬಂದ. ಅಂಚಿನಲ್ಲಿ ನೆಲ ಗಟ್ಟಿಯಾಗಿಯೇ ಇತ್ತು. ನಡುವೆ, ಗಾದ್ರಪ್ಪ ಬಲಗಡೆಯ ಕಂಬಕ್ಕೆ ಸುಣ್ಣದ ಗುರುತು ಹಾಕಿದ್ದಲ್ಲಿ, ಸದ್ದು ಬದಲಾಯಿತು. ಬರಿದಾದ ಹರವಿ ತಟ್ಟಿದ ಹಾಗಿತ್ತು.

ಚೌಡಕ್ಕನಿಗೆ ಆ ಜಾಗ ಗೊತ್ತು. ಮದುವೆಯಾಗಿ ಬಂದ ಹನ್ನೊಂದು ವರ್ಷದಿಂದ ಪ್ರತಿ ಮಳೆಗಾಲ ಅಲ್ಲಿ ನೆಲ ಬಿರಿಯುತ್ತಿತ್ತು. ಅವಳು ಸಗಣಿಗೆ ಜೇಡಿ ಕಲಸಿ ಮೆತ್ತುತ್ತಿದ್ದಳು. ನಿನ್ನೆಯೂ ಮೆತ್ತಿದ್ದಳು. ಎಷ್ಟು ಚೆನ್ನಾಗಿ ಮೆತ್ತಿದ್ದಳೆಂದರೆ ತಿಪ್ಪೇಶಪ್ಪನ ಕಣ್ಣಿಗೂ ಬಿದ್ದಿರಲಿಲ್ಲ. ಅವಳು ಮುಂದೆ ಬಂದು ಆ ಜಾಗ ತೋರಿಸಿದಳು.

“ಅಲ್ಲಿ ವರ್ಷಾ ವರ್ಷಾ ಬಿರುಕು ಬಿಡತೈತೆ ಅಣ್ಣಾ. ಗಾಡಿ ಗಾಲಿಯಷ್ಟು ದುಂಡಕ್ಕೆ. ನಾನೇ ಮುಚ್ಕೊಂಡು ಬಂದೀನಿ.”

“ನನಗ್ಯಾಕೆ ಹೇಳ್ಲಿಲ್ಲ?” ಅಂದ ಗಾದ್ರಪ್ಪ.

“ನೆಲ ಬಿರುಕು ಬಿಟ್ರೆ ಸಾರಿಸ್ತಾರೆ. ಗಂಡಸ್ರನ್ನ ಕರ್ದು ತೋರಿಸ್ತಾರಾ?”

ಜಗಲಿಯ ಮೇಲೆ ಕೂತಿದ್ದ ಅತ್ತೆ ಬೊಮ್ಮಕ್ಕ ಎಲೆಅಡಿಕೆ ಉಗುಳಿ, “ಅಲ್ಲಿ ಅಗೀಬ್ಯಾಡ್ರಿ,” ಅಂದಳು.

“ಯಾಕವ್ವ?”

“ಅದನ್ನ ಬಾಯಾಗೆ ಅನ್ನಬಾರ್ದು.”

ಗಾದ್ರಪ್ಪ ಸಿಡುಕಿದ. ಮುದುಕಿ ಬಾಯಿ ಬಿಡಲಿಲ್ಲ. ಚೌಡಕ್ಕ ಹೋಗಿ ಅತ್ತೆಯ ಪಕ್ಕ ಕೂತಳು. “ಅತ್ತೆ, ನಿಮ್ಮ ಮಗ ಅದರ ಮ್ಯಾಲೆ ಕಾರು ಎತ್ತಿ ಕೆಳಗೆ ನಿಂತ್ಕಳಾಕೆ ಹೊಂಟಾರೆ. ನೀವು ಅನ್ನದಿದ್ರೆ ನಾಳೆ ನಾವಿಬ್ರೂ ಅತ್ಕಂತ ಕೂರ್ಬೇಕಾಗತೈತೆ.”

ಬೊಮ್ಮಕ್ಕ ಸೊಸೆಯ ಮುಖ ನೋಡಿದಳು. “ಹಗೇವು ಕಣೇ ಅದು.”

ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಗಾದ್ರಪ್ಪ ಹುಟ್ಟುವ ಮೊದಲು ಒಂದು ವರ್ಷ ಅದಕ್ಕೆ ನೀರು ಬಂದು ಜೋಳವೆಲ್ಲ ಕೊಳೆಯಿತು. ಅವನ ಅಪ್ಪ ಬೂದಿ, ಹೊಟ್ಟು ಸುರುವಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚಿದ. ಆ ಸೀಮೆಯಲ್ಲಿ ಕಾಳು ಮುಗಿಯಿತೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಪಶಕುನ; ಮನೆಯ ಹಗೇವು ಮುಚ್ಚಿತೆನ್ನುವುದಂತೂ ದೂರದ ಮಾತು. ಬೊಮ್ಮಕ್ಕನಿಗೆ ಅವಳ ಅತ್ತೆ ಹಾಗೆಂದು ಬಾಯಿ ಕಟ್ಟಿದ್ದಳು. ಮುದುಕಿ ಮೂವತ್ತೈದು ವರ್ಷ ಆ ಮಾತು ನುಂಗಿಕೊಂಡಿದ್ದಳು.

ಮಣ್ಣು ಕೆರೆದು ಗಾದ್ರಪ್ಪ, ತಿಪ್ಪೇಶಪ್ಪ, ಚೌಡಕ್ಕ ಮೂವರೂ ಸೇರಿ ಹಾರೆಯಿಂದ ಚಪ್ಪಡಿ ಮೀಟಿದರು. ಹೊಟ್ಟು ಕೊಳೆತು ಕುಸಿದು, ಚಪ್ಪಡಿಯ ಕೆಳಗೆ ಆಳುದ್ದ ಬರಿದಾಗಿತ್ತು.

“ಇಳಿದು ನೋಡ್ತೀನಿ, ಎಷ್ಟು ಅಗಲ ಐತೆ ಅಂತ,” ಎಂದು ಗಾದ್ರಪ್ಪ ಅಂಗಿ ಬಿಚ್ಚಿದ.

ಬೊಮ್ಮಕ್ಕ ಜಗಲಿಯಿಂದ ಇಳಿದು ಬಂದು ಅವನ ರಟ್ಟೆ ಹಿಡಿದಳು. “ಮೊದ್ಲು ದೀಪ ಬಿಡು.”

ಲಾಟೀನಿಗೆ ಹಗ್ಗ ಕಟ್ಟಿ, ಎಲ್ಲರೂ ದೂರ ಸರಿದು ಇಳಿಬಿಟ್ಟರು. ಎರಡು ಮೊಳ ಇಳಿದದ್ದೇ ದೀಪ ಆರಿತು. ಹಚ್ಚಿ ಮತ್ತೆ ಬಿಟ್ಟರು. ಮತ್ತೆ ಆರಿತು.

“ಹಗೇವಿನ ಗಾಳಿ ಅದು. ಇಳಿದೋನಿಗೆ ಕೂಗಾಕೂ ಉಸಿರಿರಲ್ಲ,” ಅಂದಳು ಮುದುಕಿ.

“ದೀಪ ಉರಿದಿದ್ರೂ ಇಳಿಯೋದು ಬ್ಯಾಡ,” ಅಂದ ತಿಪ್ಪೇಶಪ್ಪ. “ಮ್ಯಾಲಿಂದಲೇ ತುಂಬ್ಸಿ.”

ಗಾದ್ರಪ್ಪ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ತಾನೇ ಹಾಕಿದ್ದ ಸುಣ್ಣದ ಗುರುತಿನ ಪಕ್ಕ ಕುಕ್ಕರಗಾಲಲ್ಲಿ ಕೂತ. “ಶುಕ್ರವಾರ ಪೂಜೆ ಬ್ಯಾಡ,” ಅಂದ. ಆಮೇಲೆ ಹೆಂಡತಿಯ ಕಡೆ ತಿರುಗಿದ. “ಅಂಗಳದಾಗೆ ಎಲ್ಲಿ ನೆಲ ಬಿರಿಯಲ್ಲ, ಹೇಳು. ಅಲ್ಲಿ ನೋಡಾಣ.”

ಹಗೇವಿಗೆ ಮೇಲಿನಿಂದಲೇ ಕಲ್ಲು, ಮೊರಂ ಮಣ್ಣು ತುಂಬಿ ಕುಟ್ಟಿ ದಮ್ಮಸು ಮಾಡಿದರು. ಆದರೂ ಲಿಫ್ಟನ್ನು ಅದರ ಹತ್ತಿರ ತರಲಿಲ್ಲ. ಅಂಗಳದಲ್ಲಿ ಚೌಡಕ್ಕ ತೋರಿಸಿದ ಕಡೆ ಹಾರೆ ಹಾಕಿ ನೋಡಿ, ಗಟ್ಟಿ ಮೊರಂ ಸಿಗುವವರೆಗೆ ಅಗೆದು, ಕಂಬಿ ಕಟ್ಟಿ ಕಾಂಕ್ರೀಟು ಹಾಕಿದರು. ಹೊಸ ತಗಡನ್ನು ಹದಿಮೂರಡಿಗೆ ಏರಿಸಿದರು. ಬಿಚ್ಚಿ ನೋಡಿದಾಗ ತಿರುಪಿನ ನಟ್ಟು ಅರ್ಧ ಸವೆದಿತ್ತು, ಹೊಸದು ಹಾಕಿಸಿದರು. ಗಿರಣಿಯ ವೈರಿನ ಮಾತು ಬಿಟ್ಟು ಕೆ.ಇ.ಬಿ.ಗೆ ಅರ್ಜಿ ಕೊಟ್ಟು ಮೂರು ಫೇಸಿನ ಲೈನು, ಅರ್ಥಿಂಗು ಹಾಕಿಸಿಕೊಂಡರು.

ಕಾಂಕ್ರೀಟು ಇಪ್ಪತ್ತೆಂಟು ದಿನ ಬಲಿಯಬೇಕೆಂದಿದ್ದ ತಿಪ್ಪೇಶಪ್ಪ. ಚೌಡಕ್ಕ ಅದರ ಮೇಲೆ ಹೊದಿಸಿದ ಗೋಣಿಯನ್ನು ದಿನಕ್ಕೆರಡು ಸಲ ನೆನೆಸಿದಳು. ಹನ್ನೆರಡನೇ ದಿನ ಗಾದ್ರಪ್ಪ ಮೆಲ್ಲಗೆ ರಾಗ ತೆಗೆದ. “ಕಾರು ರಿಪೇರಿ ಆಗ್ದೆ ಬಾಡಿಗೆ ನಿಂತೋಗೈತೆ. ಕಲ್ಲಾಗೈತೆ ನೋಡು ಆಗ್ಲೇ.”

“ಕೊಟ್ಟಿಗೆ ನೆಲಾನೂ ಕಲ್ಲು ಅಂದಿದ್ರಿ,” ಅಂದಳು ಚೌಡಕ್ಕ, ತಲೆ ಎತ್ತದೆ. ಗಾದ್ರಪ್ಪ ಬಿಂದಿಗೆ ತೆಗೆದುಕೊಂಡು ನೀರು ತರಲು ಹೋದ.

ಇಪ್ಪತ್ತೊಂಬತ್ತನೇ ದಿನ ಕಂಬಗಳು ನಿಂತವು, ಬೋಲ್ಟು ಬಿಗಿದರು. ತಿಪ್ಪೇಶಪ್ಪ ಕಾರನ್ನು ಮೊದಲು ಒಂದು ಗೇಣಷ್ಟೇ ಎತ್ತಿಸಿ ನಿಲ್ಲಿಸಿದ. ಎಲ್ಲ ಕಡೆಯಿಂದ ಅಲುಗಾಡಿಸಿ ನೋಡಿದರು. ತೋಳುಗಳು ಸರಿಯಾಗಿ ಕೂತಿದ್ದವು. ಆಮೇಲೆ ಪೂರ್ತಿ ಎತ್ತಿದರು. ಕಾರು ತಲೆಯ ಮಟ್ಟ ದಾಟುವಷ್ಟರಲ್ಲಿ ಕರೆಂಟು ಹೋಯಿತು. ಕಾರು ಇದ್ದಲ್ಲೇ ನಿಂತಿತು.

ಪಾಲಣ್ಣ ಕೆಳಗೆ ನುಗ್ಗಿದ. “ಹೊಟ್ಟೆ ಹೆಂಗೈತೆ ನೋಡಾಣ ಇದರದ್ದು.”

“ಹಿಂದಕ್ಕೆ ಬಾರೋ. ಲಾಕಿನ ಪಿನ್ನು ಇನ್ನೂ ಹಾಕಿಲ್ಲ.”

ಹಾಗೆಂದವನು ತಿಪ್ಪೇಶಪ್ಪನಲ್ಲ, ಗಾದ್ರಪ್ಪ. ಪಾಲಣ್ಣನ ತೋಳು ಹಿಡಿದು ಈಚೆಗೆ ಎಳೆದು, ತೋಳು ಕೆಳಗೆ ಜಾರದಂತೆ ತಾನೇ ಎರಡೂ ಕಂಬಕ್ಕೆ ಪಿನ್ನು ಹಾಕಿ, ಎರಡು ಸಲ ಎಳೆದು ನೋಡಿದ. ಆಮೇಲೆ ಕಾರಿನ ಕೆಳಗೆ ನೆಟ್ಟಗೆ ನಿಂತು ಮೊದಲ ಬೋಲ್ಟಿಗೆ ಸ್ಪ್ಯಾನರು ಹಾಕಿದ. ಚೌಡಕ್ಕ ಕಣ್ಣು ತುಂಬಾ ನೋಡಿದಳು. ಅವಳಿಗೆ ಕೇಳುವುದು ಏನೂ ಉಳಿದಿರಲಿಲ್ಲ.

ಕಾರು, ಜೀಪು ಇಟ್ಟುಕೊಂಡಿರುವ ಅಣ್ಣಂದಿರೇ, ಕಲ್ಲು ದಿಮ್ಮಿ ನಂಬಿ ವಾಹನದ ಕೆಳಗೆ ಮಲಗಬೇಡಿ. ಗಾದ್ರಪ್ಪನಿಗೆ ಬೀಡಿ ಚಟವಿತ್ತು, ಬದುಕಿದ, ಅದು ಉಪಾಯವಲ್ಲ. ಲಿಫ್ಟು ತರುವುದಾದರೆ ಅದು ಎತ್ತುವ ಭಾರ ಎಷ್ಟು, ನಿಮ್ಮ ಸೂರು ಎಷ್ಟು ಎತ್ತರ ಎಂದು ಅಳೆದು ತನ್ನಿ. ಹಳೆಯದಾದರೆ ಬಿಚ್ಚಿಸಿ ನೋಡಿ. ಕಾಂಕ್ರೀಟು ಬಲಿಯುವವರೆಗೆ ಕಾಯಿರಿ, ಪಿನ್ನು ಹಾಕದೆ ಕೆಳಗೆ ಹೋಗಬೇಡಿ. ಮುಚ್ಚಿದ ಹಗೇವು, ಹಾಳು ಬಾವಿಗಳಿಗೆ ಯಾರನ್ನೂ ಇಳಿಸಬೇಡಿ. ಇದೆಲ್ಲಕ್ಕೂ ಮೊದಲು, ಗುಣಿಗೆ ಸುಣ್ಣದ ಗುರುತು ಹಾಕುವ ಮುಂಚೆ, ನಿಮ್ಮ ಮನೆಯ ನೆಲ ಗುಡಿಸಿ ಸಾರಿಸುವ ಹೆಂಗಸರನ್ನು ಕರೆದು ಅಲ್ಲಿ ಏನಿದೆ ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೆ ಹಾರೆ ಮುಟ್ಟಬೇಡಿ.