ಬೋಗುಣಿ ಬೇಡವೆಂದವಳು

ಮಾನ್‌ಬೋಕ್ ತನ್ನ ಮಗ ಗಿಚೊಲ್‌ನ ಕೋಟಿನ ತೋಳಿಗೆ ಸೆಣಬಿನ ಪಟ್ಟಿ ಸುತ್ತಿ ಪಿನ್ನು ಚುಚ್ಚುತ್ತಿದ್ದಾಗ ಮಿಯೋಕ್ ಶವಸಂಸ್ಕಾರ ಭವನದ ಕೋಣೆಯೊಳಗೆ ಬಂದಳು. ಪಟ್ಟಿಯ ಮೇಲೆ ಎರಡು ಕಪ್ಪು ಗೆರೆ ಇದ್ದವು. ಒಂದು ಗೆರೆಯಾದರೆ ನೆಂಟ, ಎರಡಾದರೆ ಶವದ ಮುಂದೆ ಫೋಟೋ ಹಿಡಿದು ನಡೆಯುವ ಮಗ. ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದ ಕುತ್ಸುನ್‌ಗೆ ಮಗನಿರಲಿಲ್ಲ. ಇದ್ದವಳು ಮಿಯೋಕ್ ಒಬ್ಬಳೇ ಮಗಳು, ಮತ್ತು ಅವಳಿಗೆ ಸಿಕ್ಕಿದ್ದು ಕೂದಲಿಗೆ ಸಿಕ್ಕಿಸಿಕೊಳ್ಳುವ ಒಂದು ಬಿಳಿ ರಿಬ್ಬನ್ನು.

"ಮಾವ, ಅದನ್ನ ನಂಗೆ ಕೊಡಿ," ಎಂದಳು.

"ಯಾವುದನ್ನ?"

"ಆ ಪಟ್ಟೀನ. ಫೋಟೋನೂ ನಾನೇ ಹಿಡೀತೀನಿ."

ಎಂಬತ್ತೊಂದು ವರ್ಷದ ಮಾನ್‌ಬೋಕ್ ತಿರುಗಿ ನೋಡಲೂ ಇಲ್ಲ. ತಂಗಿ ಸತ್ತ ಮೂರು ದಿನದಲ್ಲಿ ಆತ ಒಮ್ಮೆಯೂ ಅತ್ತಿರಲಿಲ್ಲ. ಆದರೆ ಕಾರ್ಯದಲ್ಲಿ ಯಾವುದು ಎಲ್ಲಿರಬೇಕು, ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ. "ಹೆಣ್ಮಕ್ಕಳು ಮುಂದೆ ನಡೆಯೋ ಪದ್ಧತಿ ನಮ್ಮಲ್ಲಿಲ್ಲ. ಐವತ್ತು ದಾಟಿದೀಯ, ನಿಂಗೆ ಇದನ್ನ ಹೇಳ್ಕೊಡ್ಬೇಕಾ?" ಎಂದ.

"ಎರಡು ದಿನದಿಂದ ಬಂದೋರಿಗೆಲ್ಲ ಎದುರು ಅಡ್ಡಬಿದ್ದಿದ್ದು ನಾನು. ನೂರಾ ನಲವತ್ತು ಜನಕ್ಕೆ. ಆಗ ಪದ್ಧತಿ ಎಲ್ಲಿ ಮಲಗಿತ್ತು?"

"ಗಿಚೊಲ್ ಬರೋವರೆಗೆ ಯಾರಾದರೂ ಒಬ್ರು ನಿಂತ್ಕೋಬೇಕಿತ್ತಲ್ಲ."

ಯಾರಾದರೂ ಒಬ್ಬರು! ಮಿಯೋಕ್‌ಗೆ ಮೈಯೆಲ್ಲ ಉರಿದು ಹೋಯಿತು. ಎಂಟು ತಿಂಗಳು ಅಮ್ಮನ ಮಲಮೂತ್ರ ಬಳಿದವಳು, ಬೆಳಗಿನ ಪಾಳಿಯ ಬಸ್ಸು ಓಡಿಸಿ ಮಧ್ಯಾಹ್ನ ಓಡಿಬಂದು ಗಂಜಿ ಕುಡಿಸಿದವಳು ಅವಳು. ಈ ಗಿಚೊಲ್ ಇವತ್ತು ಬೆಳಿಗ್ಗೆ ಏಳು ಗಂಟೆಗೆ ಬೂಸಾನಿನಿಂದ ಬಂದಿಳಿದಿದ್ದ. ಬಂದವನೇ ಕೆಂಪು ಖಾರದ ಸಾರಿನಲ್ಲಿ ಅನ್ನ ಕಲಸಿಕೊಂಡು, ಅತ್ತೆಗೆ ಎಷ್ಟು ವರ್ಷವಾಗಿತ್ತು ಎಂದು ಕೇಳಿದ್ದ.

"ಅಕ್ಕ, ನಾನಂತೂ ಕೇಳ್ಲಿಲ್ಲ," ಎಂದ ಗಿಚೊಲ್, ತೋಳನ್ನು ಅಪ್ಪನ ಕೈಯಲ್ಲೇ ಬಿಟ್ಟು. "ಅಪ್ಪ ಬಾ ಅಂದ್ರು, ಬಂದೆ."

"ಕೊಡ್ತೀಯಾ ಹಾಗಾದ್ರೆ?"

ಅವನು ಅಪ್ಪನ ಮುಖ ನೋಡಿದ. ಗೋಡೆಯ ಗಡಿಯಾರದಲ್ಲಿ ಎಂಟೂವರೆ. ಚಿತಾಗಾರದಲ್ಲಿ ಹತ್ತು ಗಂಟೆಗೆ ಇವರ ಸರದಿ. ಅದು ತಪ್ಪಿದರೆ ನಾಡಿದ್ದಿನವರೆಗೆ ಜಾಗವಿಲ್ಲ ಎಂದು ಅಲ್ಲಿಯವರು ಮೊದಲೇ ಹೇಳಿದ್ದರು.

ಊಟದ ಕೋಣೆಯಲ್ಲಿ ಮೂವರು ಮುದುಕಿಯರು ಸೋಜು ಮದ್ಯದ ಲೋಟ ಹಿಡಿದು ಕೂತಿದ್ದರು. ಅವರಲ್ಲಿ ದಪ್ಪನೆಯವಳು ಒಕ್‌ಬುನ್. ಪೇಟೆಯಲ್ಲಿ ನಲವತ್ತು ವರ್ಷ ಶ್ಯಾವಿಗೆ ಮಾರಿದವಳು, ಕುತ್ಸುನ್ ಜೊತೆ ಕುಸ್ತಿ ಆಡಿದವಳು.

"ಏನಂತೆ ನಿಮ್ಮ ಮಾವಂದು?" ಎಂದು ಕೂತಲ್ಲಿಂದಲೇ ಕೂಗಿದಳು.

"ನಾನು ಹಿಂದೆ ನಡೀಬೇಕಂತೆ ಚಿಕ್ಕಮ್ಮ."

"ಹೂಂ. ನಮಗೆ ಬೋಗುಣಿ, ಅವರಿಗೆ ಹೋರಿ," ಎಂದಳು ಒಕ್‌ಬುನ್. ಮಾನ್‌ಬೋಕನ ಕಿವಿ ಕೆಂಪಾಯಿತು.

*

ಮಿಯೋಕ್‌ಗೆ ಆಗ ಒಂಬತ್ತು ವರ್ಷ. ಸುಗ್ಗಿಯ ಹಬ್ಬಕ್ಕೆ ಹೊಳೆದಂಡೆಯಲ್ಲಿ ಮರಳು ಸುರಿದು ಅಖಾಡ ಮಾಡಿದ್ದರು. ಗಂಡಸರ ಕುಸ್ತಿಯಲ್ಲಿ ಗೆದ್ದವನಿಗೆ ಹೋರಿ. ಅದನ್ನು ಕೊಂಬಿಗೆ ಬಣ್ಣದ ಬಟ್ಟೆ ಕಟ್ಟಿ ಪಕ್ಕದಲ್ಲೇ ನಿಲ್ಲಿಸಿದ್ದರು. ಹೆಂಗಸರ ಕುಸ್ತಿಗೆ ಏನು ಬಹುಮಾನ ಎಂದು ಯಾರೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಕುತ್ಸುನ್ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವಳು. ಐದನೆಯ ಹೆಣ್ಣಾಗಿ ಹುಟ್ಟಿದ್ದರಿಂದ, ಹೆಣ್ಣು ಇನ್ನು ಸಾಕು ಎಂದು ಅಪ್ಪ ಇಟ್ಟ ಹೆಸರದು. ಸೊಂಟಕ್ಕೂ ತೊಡೆಗೂ ಎದುರಾಳಿ ಹಿಡಿದು ಎತ್ತುವ ಕೆಂಪು ಬಟ್ಟೆ ಬಿಗಿದು ಇಳಿದವಳು ಒಬ್ಬರ ಹಿಂದೊಬ್ಬರನ್ನು ನೆಲ ಮುಟ್ಟಿಸಿದಳು. ಕೊನೆಯಲ್ಲಿ ಒಕ್‌ಬುನ್‌ಳನ್ನು ಎತ್ತಿ ಒಗೆದಾಗ ಜನ ಹೋ ಎಂದು ಕುಣಿದರು.

ಹಬ್ಬದ ಸಮಿತಿಯವನು ಮೈಕಿನಲ್ಲಿ ಹೆಸರು ಕೂಗಿ ಒಂದು ಅಲ್ಯುಮಿನಿಯಂ ಬೋಗುಣಿ ಕೊಟ್ಟ. ಕುತ್ಸುನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದ್ಯಾಕೆ ನಂಗೆ? ನಾನು ಎತ್ತಿ ಹಾಕಿದ್ದು ಪಾತ್ರೆ ಅಲ್ಲ, ಮನುಷ್ಯರನ್ನ."

"ಹೆಂಗಸರಿಗೆ ಹೋರಿ ಯಾಕಮ್ಮ? ಕಟ್ಟೋಕೆ ಜಾಗ ಇದೆಯಾ?" ಎಂದು ಅವನು ಮೈಕಿನಲ್ಲೇ ಅಂದ. ಜನ ನಕ್ಕರು. ಕುತ್ಸುನ್ ಬೋಗುಣಿಯನ್ನು ಮರಳಿನ ಮೇಲಿಟ್ಟು, ಅಖಾಡದ ನಟ್ಟನಡುವೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಒಕ್‌ಬುನ್, ಮೈಗೆಲ್ಲ ಮರಳು ಮೆತ್ತಿಕೊಂಡವಳು, ಕುಂಟುತ್ತ ಬಂದು ಪಕ್ಕದಲ್ಲಿ ಕೂತಳು. "ನಾನು ಇವಳಿಗೆ ಸೋತಿದೀನಿ, ಬೋಗುಣಿಗಲ್ಲ," ಎಂದಳು.

ಮುಂದಿನದು ಗಂಡಸರ ಕೊನೆಯ ಪಂದ್ಯ. ಅದರಲ್ಲಿ ಇಳಿಯಬೇಕಿದ್ದವನು ಮಾನ್‌ಬೋಕ್. ಮೂವತ್ತಾರು ವಯಸ್ಸು, ಇನ್ನೊಂದು ಅವಕಾಶ ಸಿಗುವಂತಿರಲಿಲ್ಲ. "ಏಳೇ, ಮಾನ ಕಳೀಬೇಡ," ಎಂದು ದಂಡೆಯಿಂದ ಕೂಗಿದ. ಅವಳು ಏಳಲಿಲ್ಲ. ಹೊತ್ತು ಮುಳುಗಿತು, ಪಂದ್ಯ ಮರುದಿನಕ್ಕೆ ಹೋಯಿತು. ಮರುದಿನ ಅವನ ಸೊಂಟ ಹಿಡಿದುಕೊಂಡಿತ್ತು. ಪಕ್ಕದ ಊರಿನವನೊಬ್ಬ ಹೋರಿ ಹೊಡೆದುಕೊಂಡು ಹೋದ.

ಸಮಿತಿ ಮಾಡಿದ್ದೇನು ಗೊತ್ತೇ? ಮರುವರ್ಷ ಹೆಂಗಸರ ಕುಸ್ತಿಯನ್ನೇ ತೆಗೆದುಹಾಕಿತು. ಇವರು ಬಿಡುತ್ತಾರೆಯೇ. ಹೊಳೆಯ ಆಚೆ ದಡದಲ್ಲಿ ತಾವೇ ಮರಳು ಹೊತ್ತು ಹಾಕಿ ಆಡಿದರು. ಒಂದು ವರ್ಷವಲ್ಲ, ಹತ್ತು ವರ್ಷ. ಬರಬರುತ್ತ ಈಚೆ ದಡದ ಜನವೆಲ್ಲ ಆಚೆ ಹೋಗತೊಡಗಿದರು. ಹನ್ನೊಂದನೆಯ ವರ್ಷ ಸಮಿತಿ ಬಗ್ಗಿ ಹೆಂಗಸರಿಗೂ ಹೋರಿ ಇಟ್ಟಿತು. ಅಷ್ಟರಲ್ಲಿ ಕುತ್ಸುನ್‌ಳ ಮಂಡಿ ಹೋಗಿತ್ತು. ಗೆದ್ದವಳು ಹತ್ತೊಂಬತ್ತರ ಹುಡುಗಿ. ಕುತ್ಸುನ್ ಹೋರಿಯ ಬೆನ್ನು ತಟ್ಟಿ, ಚೆನ್ನಾಗಿ ಮೇಯಿಸು ಎಂದು ಹುಡುಗಿಗೆ ಹೇಳಿ ಮನೆಗೆ ಬಂದಳು. ಮನೆಗೆ ಬಂದು ಹೊಟ್ಟೆತುಂಬ ಅತ್ತಿದ್ದು ಮಗಳೊಬ್ಬಳಿಗೇ ಗೊತ್ತು.

*

"ಪೆಟ್ಟಿಗೆ ಎತ್ತಬಹುದಾ?" ಎಂದು ಬಿಳಿ ಕೈಗವಸು ತೊಟ್ಟ ನೌಕರ ಬಂದು ಕೇಳಿದ. "ಫೋಟೋ ಹಿಡಿಯೋರು ಮುಂದೆ ಬನ್ನಿ."

ಗಿಚೊಲ್ ಹೂವಿನ ಪೀಠದ ಕಡೆ ಹೆಜ್ಜೆ ಇಟ್ಟ. ಮಿಯೋಕ್ ಅವನಿಗಿಂತ ಬೇಗ ಹೋಗಿ ಕಪ್ಪು ಪಟ್ಟಿ ಕಟ್ಟಿದ ಫೋಟೋವನ್ನು ಎತ್ತಿಕೊಂಡಳು. ಎತ್ತಿಕೊಂಡು ಬಾಗಿಲಿಗೆ ಹೋಗಿ, ಹೊಸ್ತಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಳು. ಫೋಟೋ ಮಡಿಲಲ್ಲಿ.

"ಏಳು," ಎಂದ ಮಾನ್‌ಬೋಕ್. "ಸತ್ತೋಳ ಮುಂದೆ ಇದೇನು ನಾಟಕ?"

"ಸತ್ತೋಳು ಇದ್ದಿದ್ರೆ ನನಗಿಂತ ಮುಂಚೆ ಕೂರ್ತಿದ್ಲು."

"ಹೊತ್ತಾಗ್ತಿದೆ ಮಿಯೋಕ್. ಹತ್ತು ಗಂಟೆ ತಪ್ಪಿದ್ರೆ ನಿಮ್ಮಮ್ಮ ಇನ್ನೆರಡು ದಿನ ಐಸಿನಲ್ಲಿ ಮಲಗ್ಬೇಕು. ಅದು ನಿಂಗೆ ಒಪ್ಪಿಗೇನಾ?"

ಮಿಯೋಕ್ ಮಡಿಲಲ್ಲಿದ್ದ ಫೋಟೋ ನೋಡಿದಳು. ಅಮ್ಮನಿಗೆ ಚಳಿ ಎಂದರೆ ಆಗುತ್ತಿರಲಿಲ್ಲ. ಕೊನೆಯ ತಿಂಗಳುಗಳಲ್ಲಿ ಎರಡು ಹೊದಿಕೆ ಹೊದಿಸಿದರೂ ಕಾಲು ತಣ್ಣಗಿರುತ್ತಿತ್ತು. ಎದ್ದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಬಲಗಡೆ ಏನೋ ಧೊಪ್ಪೆಂದಿತು. ಒಕ್‌ಬುನ್ ಗೋಡೆ ಹಿಡಿದು, ಉಸ್ಸೆಂದು, ಮಂಡಿ ಲಟಲಟ ಅನ್ನಿಸಿಕೊಂಡು ಪಕ್ಕದಲ್ಲಿ ಕೂತಿದ್ದಳು. ಅವಳ ಹಿಂದೆ ಉಳಿದಿಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ಇಳಿದರು. ಬಾಗಿಲು ತುಂಬಿತು.

"ಎರಡು ದಿನ ತಾನೇ?" ಎಂದಳು ಒಕ್‌ಬುನ್. "ಹತ್ತು ವರ್ಷ ಕಾದೋಳು ಕುತ್ಸುನ್. ಸಾರು ಚೆನ್ನಾಗಿದೆ, ನಾವೂ ಕಾಯ್ತೀವಿ. ಮಾನ್‌ಬೋಕಣ್ಣ, ಅಂದಹಾಗೆ ಆ ಬೋಗುಣೀಲಿ ಈಗಲೂ ಮೂಲಂಗಿ ಉಪ್ಪಿನಕಾಯಿ ಹಾಕ್ತಾರಾ ಮನೇಲಿ? ಮರಳಿಂದ ಎತ್ಕೊಂಡು ಹೋಗಿದ್ದು ನೀನೇ ಅಲ್ವಾ?"

ಯಾರೋ ನಕ್ಕರು. ಶವದ ಮನೆಯಲ್ಲಿ ನಗಬಾರದೆಂದು ಕೆಮ್ಮಿದರು.

ಒಂಬತ್ತು ಹೊಡೆಯಿತು. ಹೊರಗೆ ಶವದ ಗಾಡಿಯ ಡ್ರೈವರ್ ಹಾರನ್ ಒತ್ತಿದ. ಒಂಬತ್ತು ಗಂಟೆ ಹತ್ತು ನಿಮಿಷವಾಯಿತು.

"ಅವಳಿಂದ ನನ್ನ ಹೋರಿ ಹೋಯ್ತು," ಎಂದ ಮುದುಕ, ಯಾರಿಗೂ ಅಲ್ಲದ ಹಾಗೆ.

"ಅವಳದೂ ಹೋಯ್ತು ಮಾವ," ಎಂದಳು ಮಿಯೋಕ್. "ಅವಳು ಗೆದ್ದಮೇಲೂ ಹೋಯ್ತು."

ಗಿಚೊಲ್ ತಾನಾಗಿ ಪಿನ್ನು ಬಿಚ್ಚಿದ. ಅಪ್ಪ ಅವನ ಕೈ ಹಿಡಿಯಲು ಹೋಗಿ ಅರ್ಧಕ್ಕೇ ನಿಂತ. ಗಿಚೊಲ್ ಬಗ್ಗಿ ಮಿಯೋಕ್‌ಳ ಕಪ್ಪು ಉಡುಗೆಯ ಅಗಲವಾದ ತೋಳಿಗೆ ಪಟ್ಟಿ ಸುತ್ತಿದ. ಒಂದು ಸಲ ಬೆರಳಿಗೆ ಚುಚ್ಚಿಕೊಂಡ. "ಅಕ್ಕ, ಸರಿಯಾಗಿದೆಯಾ ನೋಡು," ಎಂದ. ಅವಳು ನೋಡಲಿಲ್ಲ, ಎದ್ದಳು. ಹಿಂದೆ ಪೆಟ್ಟಿಗೆಯನ್ನು ಆರು ಜನ ಎತ್ತಿದರು.

"ನೀವು ನಡೀರಿ, ನಡೀರಿ," ಎಂದಳು ಒಕ್‌ಬುನ್ ನೆಲದಿಂದ. ಅವರು ಮೂವರೂ ಕೂತೇ ಗೋಡೆಗೆ ಸರಿದು ದಾರಿ ಬಿಟ್ಟಿದ್ದರು. ಮಿಯೋಕ್ ಫೋಟೋವನ್ನು ಎದೆಗೆ ಹಿಡಿದು ಹೊಸ್ತಿಲು ದಾಟಿದಳು. ಮೊಗಸಾಲೆಯಲ್ಲಿ ಜನ ಅವಳ ತೋಳು ನೋಡಿ, ಮುಖ ನೋಡಿ, ತಲೆ ಬಾಗಿಸಿದರು. ಹೊರಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿದಳು.

ಖಾಲಿಯಾದ ಕೋಣೆಯ ಬಾಗಿಲಲ್ಲಿ ಮಾವ ಕಾಲಗಲಿಸಿ ಬಗ್ಗಿ ನಿಂತಿದ್ದ. ಒಕ್‌ಬುನ್ ಕೆಳಗಿನಿಂದ ಎರಡೂ ಕೈಯಲ್ಲಿ ಅವನ ಸೊಂಟದ ಬೆಲ್ಟನ್ನು ಬಿಗಿಯಾಗಿ ಹಿಡಿದು, ಇಷ್ಟಿಷ್ಟೇ ಮೇಲೇಳುತ್ತಿದ್ದಳು. ಇನ್ನಿಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು.